ಮೂರು ದಿನ ಪಿಕಾಸು ಮಲಗಿಸಿದ ಅಮ್ಮು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸವಣೂರು ಪೇಟೆ ದಾಟಿ ಸ್ವಲ್ಪ ಮುಂದೆ, ಗುಡ್ಡೆಯನ್ನು ಸೀಳಿಕೊಂಡು ಕಡಬದ ಕಡೆಗೆ ಹೋಗಲಿರುವ ಹೊಸ ರಸ್ತೆಯ ಪಕ್ಕದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕುಳಿತು ಮಣ್ಣಿನ ಮೈಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದಾರೆ. ಕಡಿದು ನಿಲ್ಲಿಸಿದ ಗುಡ್ಡೆಯ ಮೈಗೆ ಇಲ್ಲಿಯವರು ಬರೆ ಎನ್ನುತ್ತಾರೆ. ಆಳೆತ್ತರಕ್ಕಿಂತಲೂ ಹೆಚ್ಚು ಎತ್ತರದ ಕೆಂಪು ಬರೆ ಇದು. ಇಬ್ಬನಿಗೆ ಅದರ ಅರ್ಧ ಭಾಗ ಕಪ್ಪಾಗಿದೆ. ಹೆಂಗಸು ಒದ್ದೆಯಾದ ಜಾಗದಲ್ಲಿ ಬೆರಳೊತ್ತಿ ನೋಡುತ್ತಾರೆ, ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾರೆ, ತಲೆಗೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ ಇಡುತ್ತಾರೆ.

"ಇವತ್ತು ಈ ಬದಿ ಬೇಡ. ಇದು ಜರಿಯುವ ಅಂದಾಜಿನಲ್ಲಿ ಉಂಟು. ಆಚೆಯಿಂದ ಶುರು ಮಾಡಿ."

ಹಿಂದೆ ನಿಂತ ಹದಿನೈದು ಹದಿನಾರು ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು, ಹಾರೆ ಬುಟ್ಟಿಗಳನ್ನು ಎತ್ತಿಕೊಂಡು ಆಚೆ ಬದಿಗೆ ನಡೆಯುತ್ತಾರೆ. ಯಾರೂ ಎದುರು ಮಾತಾಡುವುದಿಲ್ಲ. ಮೊದಲ ಪಿಕಾಸು ಬೀಳುವುದು ಆ ಹೆಂಗಸಿನದ್ದೇ, ಅಮ್ಮು ಅವರದ್ದೇ. ಅದು ಬಿದ್ದ ಶಬ್ದ ಕೇಳಿದ ಮೇಲೆ ಉಳಿದವರದ್ದು.

ಅಮ್ಮು ಅವರಿಗೆ ಐವತ್ತರ ಆಚೀಚೆ ಪ್ರಾಯ. "ದೊಡ್ಡ ನೆರೆ ಬಂದ ವರ್ಷ ನಾನು ನಡೆಯುತ್ತಿದ್ದೆ ಅಂತೆ. ಲೆಕ್ಕ ನೀವೇ ಹಾಕಿ" ಎನ್ನುತ್ತಾರೆ. ಮನೆಮಾತು ತುಳು. ಅವರ ಮಾತನ್ನು ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ. ಅದರ ಖಾರ ಎಲ್ಲಿಯಾದರೂ ಕಡಿಮೆಯಾಗಿದ್ದರೆ ತಪ್ಪು ನನ್ನದು.

ಮಣ್ಣು ಕೆಲಸದಲ್ಲಿ ಅಗೆಯುವುದು ಗಂಡಸರು, ಹೊರುವುದು ಹೆಂಗಸರು. ಪುತ್ತೂರಿನಿಂದ ಸುಳ್ಯದವರೆಗೆ ಯಾವ ರಸ್ತೆಯ ಕೆಲಸ ನೋಡಿದರೂ ಇದೇ ಪದ್ಧತಿ. ಅಮ್ಮು ಒಬ್ಬರೇ ಬೇರೆ. ಅವರ ತಂದೆ ಕೊಯಿಲದ ಕಡೆ ಬಾವಿ, ಕೆರೆ ತೋಡುತ್ತಿದ್ದವರು. ಗಂಡನದ್ದೂ ಅದೇ ಕಸುಬು. ಆದರೆ ಊರಿನಲ್ಲಿ ವರ್ಷಪೂರ್ತಿ ಕೆಲಸ ಎಲ್ಲಿ? ಕೊಯ್ಲು ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಘಟ್ಟ ಹತ್ತಿ ಕಾಫಿ ತೋಟಗಳಿಗೆ ಹೋಗುತ್ತಿದ್ದರು. ಒಂದು ವರ್ಷ ಇಬ್ಬರು ಹೋಗಿ ಒಬ್ಬರು ಇಳಿದು ಬಂದರು. ಗಂಡನನ್ನು ಅಲ್ಲಿಯ ಚಳಿಜ್ವರ ಕೊಂಡುಹೋಯಿತು. ಅಮ್ಮು ಅವರ ಜೊತೆ ಇಳಿದು ಬಂದದ್ದು ಅವನ ಪಿಕಾಸು ಮಾತ್ರ.

"ಹೆಂಗಸು ಪಿಕಾಸು ಹಿಡಿದ್ರೆ ಮಳೆ ಬರುದಿಲ್ಲ ಅಂದ್ರು. ಆ ವರ್ಷ ಮಳೆ ಬಂದು ಇವರ ಗದ್ದೆಯ ಬದು, ಕಟ್ಟಪುಣಿ ಎಲ್ಲ ಕೊಚ್ಚಿಹೋಯ್ತು. ಹೆಂಗಸು ಪಿಕಾಸು ಹಿಡಿದದ್ದಕ್ಕೇ ಇಷ್ಟು ಮಳೆ ಅಂದ್ರು. ಎರಡನ್ನೂ ಹೇಳಿದ್ದು ಒಬ್ಬನೇ!" ಎಂದು ಅಮ್ಮು ನಗುತ್ತಾರೆ. ನಕ್ಕರೆ ಎಲೆಯಡಿಕೆಯ ಕೆಂಪು ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ, ಅದರಲ್ಲೂ ಈ ಪಂಚವಾರ್ಷಿಕ ಯೋಜನೆಗಳು ಶುರುವಾದ ಮೇಲೆ, ನಮ್ಮ ಸೀಮೆಯಲ್ಲಿ ರಸ್ತೆಗಳ ಕೆಲಸ ಹೆಚ್ಚಿದೆ. ಅಮ್ಮು ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡರು. ರಸ್ತೆ ಕೆಲಸ ಸಿಕ್ಕಿದರೆ ಘಟ್ಟ ಹತ್ತಬೇಕಾಗಿಲ್ಲ. ಘಟ್ಟಕ್ಕೆ ಹೋಗುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ಸೇರಿಸಿ ಅವರು ಒಂದು ತಂಡ ಕಟ್ಟಿದ್ದಾರೆ. ರಸ್ತೆ ಸಾಗಿದ ಹಾಗೆ ಅವರ ತೆಂಗಿನ ಮಡಲಿನ ಗುಡಿಸಲುಗಳೂ ಮುಂದೆ ಸಾಗುತ್ತವೆ. ಒಬ್ಬ ಹೆಂಗಸು ದಿನಕ್ಕೆ ಇನ್ನೂರು ಬುಟ್ಟಿಗಿಂತ ಕಡಿಮೆ ಮಣ್ಣು ಹೊರುವುದಿಲ್ಲ. ಮಧ್ಯಾಹ್ನ ಗಂಜಿ, ಒಣಮೀನಿನ ಚಟ್ನಿ, ಸ್ವಲ್ಪ ಹೊತ್ತು ನೆರಳು. ಮತ್ತೆ ಸೂರ್ಯ ಇಳಿಯುವ ತನಕ ಬುಟ್ಟಿ.

ಈ ತಂಡದಲ್ಲಿ ಒಂದು ಪದ್ಧತಿ ಇದೆ. ಬರೆಯಿಂದ ದೂರ ಒಂದು ಹಲಸಿನ ಮರದ ಕೊಂಬೆಗೆ ಹಳೆ ಸೀರೆಯ ತೊಟ್ಟಿಲುಗಳನ್ನು ಕಟ್ಟಿರುತ್ತಾರೆ. ಅಲ್ಲಿ ಕುಳಿತು ಮಕ್ಕಳನ್ನು ತೂಗುತ್ತಾ ಜಲ್ಲಿ ಒಡೆಯುವುದು ದಿನಕ್ಕೊಬ್ಬಳ ಕೆಲಸ. ಬೆಳಿಗ್ಗೆ ಯಾವ ಹೆಂಗಸು ತಾನಾಗಿ ಹೋಗಿ ಆ ನೆರಳಿನಲ್ಲಿ ಕುಳಿತುಕೊಳ್ಳುತ್ತಾಳೋ ಅವಳನ್ನು "ಯಾಕೆ?" ಎಂದು ಯಾರೂ ಕೇಳಬಾರದು. ಗಂಡಸರೂ ಕೇಳಬಾರದು, ಮೇಸ್ತ್ರಿಯೂ ಕೇಳಬಾರದು. ಕೂಲಿಯಲ್ಲಿ ಕಡಿತವಿಲ್ಲ. ಇದು ತಿಂಗಳ ದಿನಗಳಿಗಾಗಿ ಅಮ್ಮು ಮಾಡಿದ ಏರ್ಪಾಡು ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಅಳುಕುತ್ತಲೇ ಕೇಳಿದೆ.

"ಬರೀರಿ. ಓದುವವರ ಮನೆಯಲ್ಲಿ ಹೆಂಗಸರು ಇಲ್ವ ಎಂತ?" ಎಂದರು ಅಮ್ಮು.

ನಾನು ಅವರನ್ನು ಹುಡುಕಿಕೊಂಡು ಹೋಗಲು ಕಾರಣವಾದದ್ದು ಇದಲ್ಲ. ಮೇಸ್ತ್ರಿ ಹಸನಬ್ಬ ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಾ ಯಾರೊಡನೆಯೋ ಹೇಳುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು. "ನನ್ನ ತಂಡದ ಅಮ್ಮು ಕೆಡ್ಡಸಕ್ಕೆ ಮೂರು ದಿನ ಪಿಕಾಸು ಮುಟ್ಟುದಿಲ್ಲ ಅಂತ ಕೂತಿದ್ದಾಳೆ ಮಾರಾಯ. ಕಂಟ್ರಾಕ್ಟರು ಮುಟ್ಟದಿದ್ರೆ ಬೇರೆ ತಂಡ ತರ್ತೇನೆ ಅಂತ ಕೂತಿದ್ದಾರೆ. ಮಧ್ಯದಲ್ಲಿ ಕೂತದ್ದು ನಾನು. ನನಗೆ ಮಾತ್ರ ಚಾಪೆ ಇಲ್ಲ."

ಕೆಡ್ಡಸ ನಮ್ಮ ತುಳುನಾಡಿನವರಿಗೆ ಹೊಸತಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು ಹೇಳುತ್ತೇನೆ. ಮಕರ ತಿಂಗಳ ಕೊನೆಯ ದಿನಗಳಲ್ಲಿ ಭೂಮಿ ಮುಟ್ಟಾಗುತ್ತಾಳೆ ಎಂಬುದು ಇಲ್ಲಿಯ ನಂಬಿಕೆ. ಅವಳು ಹೆಣ್ಣಲ್ಲವೇ? ಮೂರು ದಿನ ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಗಿಡಕ್ಕೆ ಕತ್ತಿ ತಾಗಿಸುವುದಿಲ್ಲ. ಹುರಿದ ಅಕ್ಕಿ, ಹುರುಳಿ, ಬೆಲ್ಲ, ತೆಂಗಿನಕಾಯಿ ಚೂರು ಕಲಸಿ ಹಂಚುತ್ತಾರೆ. ನುಗ್ಗೆ ಬದನೆಯ ಪದಾರ್ಥ ಮಾಡುತ್ತಾರೆ. ಮೂರು ದಿನ ಕಳೆದ ಮೇಲೆ ಬೆಳಿಗ್ಗೆ ಮನೆಯ ಹೆಂಗಸು ತುಳಸಿಯ ಮುಂದೆ ನೆಲ ಸಾರಿಸಿ, ಗರಿಕೆಯಿಂದ ನೆಲಕ್ಕೆ ಎಣ್ಣೆ ಬಿಟ್ಟು, ಸೀಗೆ ಅರಸಿನ ಇಟ್ಟು ಭೂಮಿಯನ್ನು ಮೀಯಿಸುತ್ತಾಳೆ. ಆ ಮೇಲೆ ಮಣ್ಣಿಗೆ ಕಬ್ಬಿಣ ತಾಗಬಹುದು. ತುಳುವರೂ ಅರೆಭಾಷೆಯ ಗೌಡರೂ ಇದನ್ನು ತಪ್ಪಿಸುವುದಿಲ್ಲ.

ಆದರೆ ಇದು ಗದ್ದೆ ಇದ್ದವರ ಹಬ್ಬ, ಮನೆ ಇದ್ದವರ ಹಬ್ಬ. ಪಂಚಾಂಗ ಓದಲು ಬಾರದ ಮನೆಗಳಿಗೆ ದಿನ ತಿಳಿಸಲು ಒಬ್ಬರು ಬರುತ್ತಾರೆ. ಸವಣೂರಿನ ಈ ಬದಿಗೆ ಆ ಕೆಲಸ ಮುದುಕ ಜತ್ತಪ್ಪನವರದ್ದು. ಅವರು ಪ್ರತಿ ಮನೆಯ ಅಂಗಳದಲ್ಲಿ ನಿಂತು ಕೆಡ್ಡಸ ಯಾವಾಗ ಎಂದು ಕೂಗಿ ಹೇಳಿ, ಅಕ್ಕಿ ಕಾಯಿ ಪಡೆದು ಮುಂದೆ ಹೋಗುತ್ತಾರೆ. ರಸ್ತೆ ಬದಿಯ ಮಡಲಿನ ಗುಡಿಸಲಿಗೆ ಅವರು ಅದುವರೆಗೆ ಬಂದದ್ದಿಲ್ಲ. ಅಲ್ಲಿ ಅಂಗಳವೂ ಇಲ್ಲ, ತುಳಸಿಯೂ ಇಲ್ಲ. ಹೀಗಾಗಿ ಹಿಂದಿನ ವರ್ಷ ಈ ತಂಡಕ್ಕೆ ದಿನವೇ ಗೊತ್ತಾಗಲಿಲ್ಲ. ಕೆಡ್ಡಸದ ಮೂರೂ ದಿನ ಗುಡ್ಡೆಗೆ ಪಿಕಾಸು ಬಿದ್ದಿತು. ನಾಲ್ಕನೇ ದಿನ ಪೇಟೆಗೆ ಉಪ್ಪು ತರಲು ಹೋದಾಗ ಮನೆಗಳ ಮುಂದೆ ಎಣ್ಣೆ ಬಿದ್ದ ನೆಲ ಕಂಡು ಅಮ್ಮು ಅವರಿಗೆ ವಿಷಯ ತಿಳಿಯಿತು.

"ಏನಾದರೂ ಅನಾಹುತ ಆಯಿತೇ?" ಎಂದು ಕೇಳಿದೆ.

"ಎಂತ ಇಲ್ಲ. ಬರೆ ಜರಿಯಲಿಲ್ಲ, ಯಾರಿಗೂ ಜ್ವರ ಬರಲಿಲ್ಲ. ಅವಳು ಸುಮ್ಮನೆ ಇದ್ದಳು. ಹೆಂಗಸರು ಹಾಗೆ ಅಲ್ವ? ನೋವಾದ್ರೂ ಸುಮ್ಮನೆ ಬುಟ್ಟಿ ಹೊರ್ತಾರೆ. ನನಗೆ ಅದೇ ಸರಿ ಕಾಣಲಿಲ್ಲ."

ಈ ವರ್ಷ ಹಾಗಾಗಬಾರದು ಎಂದು ಅಮ್ಮು ಮೊದಲೇ ಜತ್ತಪ್ಪನವರ ಮನೆಗೆ ಹೋದರು. ಅಲ್ಲಿ ನಡೆದ ಮಾತನ್ನು ಜತ್ತಪ್ಪನವರೇ ನನಗೆ ಹೇಳಿದರು.

"ನಾನು ಕೇಳಿದೆ, ನೀವು ಇವತ್ತು ಇಲ್ಲಿ, ನಾಳೆ ಎಲ್ಲಿಯೋ. ಬಾಗಿಲೇ ಇಲ್ಲದ ಮನೆಗೆ ನಾನು ಎಲ್ಲಿ ನಿಂತು ಹೇಳುದು ಅಂತ. ಅದಕ್ಕೆ ಇವಳು ಹೇಳ್ತಾಳೆ, 'ನೀವು ಬರುವ ದಿನ ಎರಡು ಕಂಬ ನೆಟ್ಟು ಬಾಗಿಲು ಮಾಡ್ತೇನೆ, ಬನ್ನಿ' ಅಂತ. ಹೋಗಿ ನೋಡಿದ್ರೆ ಹೌದು ಮಾರಾಯ್ರೆ! ಗುಡಿಸಲಿನ ಮುಂದೆ ಎರಡು ಕಂಬ, ಮೇಲೆ ಮಾವಿನ ಸೊಪ್ಪು. ಗೋಡೆ ಇಲ್ಲ, ಬಾಗಿಲು ಮಾತ್ರ."

ಜತ್ತಪ್ಪನವರು ಆ ಎರಡು ಕಂಬಗಳ ಎದುರು ನಿಂತು, ದೊಡ್ಡ ಮನೆಗಳಲ್ಲಿ ಹೇಳುವ ದನಿಯಲ್ಲೇ ಕೂಗಿದರು. ಮೂರು ದಿನ ಮಣ್ಣಿಗೆ ಕಬ್ಬಿಣ ತಾಗಬಾರದು, ಹಸಿರಿಗೆ ಕತ್ತಿ ತಾಗಬಾರದು, ಹೇಳಿದ್ದು ಎಲ್ಲರಿಗೂ ಕೇಳಿತಾ ಎಂದರು. ಕೇಳಿತು ಎಂದು ತಂಡದವರೆಲ್ಲ ಒಟ್ಟಿಗೆ ಕೂಗಿದರು. ಅಕ್ಕಿಯ ಬದಲು ಜತ್ತಪ್ಪನವರಿಗೆ ಒಂದು ಬಟ್ಟಲು ಗಂಜಿ ಸಿಕ್ಕಿತು. "ಗಂಜಿಯಲ್ಲಿ ಅಕ್ಕಿ ಉಂಟಲ್ಲ, ಲೆಕ್ಕ ಸರಿ" ಎಂದು ಅವರು ಕುಡಿದು ಎದ್ದರು.

ಇಷ್ಟಾದರೆ ಸಂತೋಷದ ಕಥೆ. ಆದರೆ ಕಂಟ್ರಾಕ್ಟರರ ಕಡೆಯಿಂದ ಹೇಳಿ ಕಳುಹಿಸಿದ್ದು ಬೇರೆ. ಬೇಸಿಗೆ ಮುಗಿಯುವುದರೊಳಗೆ ಗುಡ್ಡೆ ಕಡಿದು ತಗ್ಗಿಗೆ ಮಣ್ಣು ತುಂಬಿಸಬೇಕು. ಕೆಲಸ ನಿಲ್ಲಿಸಿದರೆ ಕಡಬದ ಕಡೆಯ ಮುಂದಿನ ಭಾಗ ಈ ತಂಡಕ್ಕಿಲ್ಲ. ಸೇಲಂ ಕಡೆಯವರನ್ನು ತರಿಸುತ್ತಾರೆ. ಮುಂದಿನ ಭಾಗ ಸಿಗದಿದ್ದರೆ ಈ ಹೆಂಗಸರಿಗೆ ಉಳಿಯುವ ದಾರಿ ಒಂದೇ. ಮತ್ತೆ ಘಟ್ಟ.

ತಂಡದೊಳಗೂ ಎಲ್ಲರದ್ದು ಒಂದೇ ಮನಸ್ಸಾಗಿರಲಿಲ್ಲ. ಸುಳ್ಯದ ಕಡೆಯ ಲೋಲಾಕ್ಷಿ ಇಪ್ಪತ್ತೆರಡರ ಹೆಂಗಸು, ಮನೆಮಾತು ಅರೆಭಾಷೆ. ಹಿಂದೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಘಟ್ಟಕ್ಕೆ ಹೋಗುತ್ತಿದ್ದವಳು. ಈಗ ಆ ಮಗು ಹಲಸಿನ ಮರದ ತೊಟ್ಟಿಲಿನಲ್ಲಿದೆ. ನಾನು ಹೋದ ದಿನ ಗಂಜಿಯ ಹೊತ್ತಿಗೆ ಅವಳು ಎಲ್ಲರೆದುರೇ ಕೇಳಿದಳು.

"ಅಮ್ಮಕ್ಕ, ಕೆಡ್ಡಸ ನಮ್ಮ ಮನೆಯಲ್ಲೂ ಉಂಟು. ಆದ್ರೆ ಗದ್ದೆ ಇದ್ದವರಿಗೆ ಮೂರು ದಿನ ಸುಮ್ಮನೆ ಕೂತ್ರೆ ಗದ್ದೆ ಎಲ್ಲಿಗೂ ಹೋಗುದಿಲ್ಲ. ನಾವು ಕೂತ್ರೆ ಕೆಲಸವೇ ಹೋಗ್ತದೆ. ಭೂಮಿಗೆ ಮೂರು ದಿನದ ನೋವು. ನನಗೆ ಮಗು ಬಿಟ್ಟು ಹೋದ್ರೆ ಆರು ತಿಂಗಳು."

 ಅಮ್ಮು ಗಂಜಿ ಮುಗಿಸಿ ಬಟ್ಟಲು ತೊಳೆದರು. "ನೀನು ಹೇಳುದು ಸುಳ್ಳಲ್ಲ. ಅದಕ್ಕೇ ಕೂರುದು ಬೇಡ" ಎಂದರು. "ಅಗೆಯುದು ಮಾತ್ರ ಬೇಡ. ನಾಳೆಯಿಂದ ಕೆಡ್ಡಸದ ತನಕ ಕತ್ತಲಿಗೆ ಎದ್ದು ಅಗೆಯುವ. ಮೂರು ದಿನಕ್ಕೆ ಆಗುವಷ್ಟು ಮಣ್ಣು ಮೊದಲೇ ಇಳಿಸಿ ರಾಶಿ ಹಾಕುವ. ಆ ಮೂರು ದಿನ ಹೊರುದು ಮಾತ್ರ."

"ಹೊತ್ರೆ ಅವಳಿಗೆ ನೋವಾಗುದಿಲ್ವ?" ಎಂದು ಒಬ್ಬಳು ಕೇಳಿದಳು.

"ಬಾಚುವಾಗ ಉದುರಿದ ಕೂದಲು ಎತ್ತಿ ಬಿಸಾಡಿದ್ರೆ ನಿನಗೆ ನೋವಾಗ್ತದಾ?"

ಎಲ್ಲರೂ ನಕ್ಕರು. ಲೋಲಾಕ್ಷಿ ನಗಲಿಲ್ಲ. ಆದರೆ ಮರುದಿನ ಕತ್ತಲಿಗೆ ಮೊದಲು ಎದ್ದವಳು ಅವಳೇ ಎಂದು ಅಮ್ಮು ನನಗೆ ಹೇಳಿದರು.

ಅದೇ ದಿನದ ಇನ್ನೊಂದು ಮಾತನ್ನು ಇಲ್ಲಿ ಬರೆಯಬೇಕೆನಿಸುತ್ತದೆ. ಕಳೆದ ನವರಾತ್ರಿಗೆ ಪುತ್ತೂರಿನ ಒಂದು ಸಭೆಯಲ್ಲಿ ಊರಿಗೆ ಬಂದ ಸನ್ಯಾಸಿಯೊಬ್ಬರು ಜಗನ್ಮಾತೆಯ ಬಗ್ಗೆ ಮಾತಾಡಿದ್ದರು. ಲೋಕದಲ್ಲೆಲ್ಲ ದೇವರನ್ನು ಮೊದಲು ತಾಯಿಯೆಂದೇ ಕಂಡರು, ಪಡುವಣ ದೇಶದವರೂ ಈಗ ಅವಳನ್ನು ಮತ್ತೆ ಹುಡುಕುತ್ತಿದ್ದಾರೆ ಎಂದು ಅವರು ಹೇಳಿದ್ದರು. ಅಸ್ಸಾಮಿನ ಕಾಮಾಖ್ಯೆಯ ಗುಡಿಯನ್ನು ವರ್ಷಕ್ಕೊಮ್ಮೆ ಇದೇ ಕಾರಣಕ್ಕೆ ಮುಚ್ಚುತ್ತಾರೆ ಎಂದೂ ಒರಿಸ್ಸಾದಲ್ಲಿ ನಮ್ಮ ಕೆಡ್ಡಸದಂತಹದೇ ಹಬ್ಬವಿದೆ ಎಂದೂ ನಾನು ತಿಳಿದದ್ದು ಆ ದಿನ. ಅವರು ಹೇಳಿದ ಗ್ರೀಕರ ಒಂದು ಕಥೆ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಗಂಜಿಯ ಹೊತ್ತಿನ ನೆರಳಿನಲ್ಲಿ ಅದನ್ನು ನನಗೆ ತಿಳಿದಷ್ಟು ಈ ಹೆಂಗಸರಿಗೆ ಹೇಳಿದೆ. ಬೆಳೆಯ ದೇವತೆಯ ಮಗಳನ್ನು ಪಾತಾಳದ ಅರಸ ಹೊತ್ತುಕೊಂಡು ಹೋಗುತ್ತಾನೆ. ತಾಯಿ ಊರೂರು ಹುಡುಕುತ್ತಾಳೆ. ಅವಳ ದುಃಖಕ್ಕೆ ಭೂಮಿಯಲ್ಲಿ ಒಂದು ಹುಲ್ಲೂ ಚಿಗುರುವುದಿಲ್ಲ.

ಅಮ್ಮು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಕೇಳಿದರು, "ಮಗಳು ಸಿಕ್ಕಿದ್ಳಾ?"

"ಸಿಕ್ಕಿದಳು. ಆದರೆ ವರ್ಷದ ಒಂದು ಪಾಲು ತಾಯಿಯ ಹತ್ತಿರ, ಇನ್ನೊಂದು ಪಾಲು ಪಾತಾಳದಲ್ಲಿ."

"ಓ, ಅಲ್ಲಿಯೂ ಘಟ್ಟ ಉಂಟು ಹಾಗಾದ್ರೆ" ಎಂದಳು ಲೋಲಾಕ್ಷಿ. ಈ ಸಲ ಯಾರೂ ನಗಲಿಲ್ಲ.

ಕೆಡ್ಡಸದ ಮೊದಲ ದಿನ ಬೆಳಿಗ್ಗೆ ನಾನು ಮತ್ತೆ ಹೋದಾಗ ಬರೆಯ ಕೆಳಗೆ ಮಣ್ಣಿನ ದೊಡ್ಡ ದೊಡ್ಡ ರಾಶಿಗಳಿದ್ದವು. ಪಿಕಾಸು ಹಾರೆಗಳನ್ನೆಲ್ಲ ತೊಳೆದು, ಬಾಯಿ ಮೇಲಾಗಿ, ಗುಡಿಸಲೊಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಹೆಂಗಸರು ಗಂಡಸರು ಎಲ್ಲರೂ ರಾಶಿಯಿಂದ ಕೈಯಲ್ಲೇ ಮಣ್ಣು ಬಾಚಿ ಬುಟ್ಟಿಗೆ ತುಂಬಿಸುತ್ತಿದ್ದರು. ಹಾರೆ ಇಲ್ಲದ ಕಾರಣ ಕೆಲಸ ನಿಧಾನವಾಗುತ್ತಿತ್ತು. ಲೋಲಾಕ್ಷಿಯ ಉಗುರಿನ ಸಂದಿನಲ್ಲಿ ರಕ್ತ ಒಸರಿದ್ದು ನನಗೆ ಕಾಣಿಸಿತು. ಅವಳು ಸೆರಗಿಗೆ ಒರಸಿ ಮತ್ತೆ ಕೈ ಹಾಕಿದಳು.

ಹೊತ್ತು ಏರುವಾಗ ಕಂಟ್ರಾಕ್ಟರರ ಲೆಕ್ಕ ಬರೆಯುವ ರೈಟರ್ ವೆಂಕಟ್ರಮಣ ಸೈಕಲಿನಲ್ಲಿ ಬಂದರು. ಪುತ್ತೂರಿನವರು, ಚಿಕ್ಕ ಪ್ರಾಯ, ಮೇಲಿನಿಂದ ಬೈಗುಳ ತಿನ್ನುವುದೂ ಅವರೇ. ತಿರುವಿನಲ್ಲಿ ಉಳಿದ ಮುರಕಲ್ಲಿನ, ಅಂದರೆ ಗಟ್ಟಿ ಕೆಂಪುಕಲ್ಲಿನ, ದಿಬ್ಬವನ್ನು ತೋರಿಸಿದರು.

"ಇದನ್ನು ಕೈಯಲ್ಲಿ ಬಾಚ್ಲಿಕ್ಕೆ ಆಗ್ತದಾ ಅಮ್ಮು? ಇವತ್ತು ಇದು ಹೋಗ್ಬೇಕು."

"ನಾಡ್ದು ಕಳೆದು ಮರುದಿನ ಹೋಗ್ತದೆ ರೈಟ್ರೆ."

"ನನಗೆ ಇವತ್ತು ಬೇಕು. ನೀವು ಅಲ್ಲದಿದ್ರೆ ಅಗೆಯುವವರು ಈ ಊರಿನಲ್ಲಿ ಬೇರೆ ಇಲ್ಲ ಅಂತ ತಿಳ್ಕೊಂಡಿರಾ?"

"ಇದ್ದಾರೆ. ಹೋಗಿ ಕರ್ಕೊಂಡು ಬನ್ನಿ. ನಾವು ಅಡ್ಡ ನಿಲ್ಲುದಿಲ್ಲ."

ವೆಂಕಟ್ರಮಣ ಹೋದರು. ಸವಣೂರು ಪೇಟೆಯಲ್ಲಿ ಕೇಳಿದರು, ಒಳಗಿನ ಮನೆಗಳಲ್ಲಿ ಕೇಳಿದರು. ಇದನ್ನು ನಾನು ಸ್ವತಃ ನೋಡಿಲ್ಲ, ಜೊತೆಯಲ್ಲಿದ್ದ ಹಸನಬ್ಬ ಹೇಳಿದ್ದು. "ಒಂದು ಮನೆಯಲ್ಲಿ ನಮಗೆ ಹುರಿದ ಅಕ್ಕಿ ಕೊಟ್ರು, ಇನ್ನೊಂದು ಮನೆಯಲ್ಲಿ ಬೈದ್ರು. ಕೆಡ್ಡಸದ ದಿನ ಆಳು ಕೇಳುವ ಮನುಷ್ಯ ಯಾವ ದೇಶದವ ಅಂತ ಒಬ್ಬಳು ಅಜ್ಜಿ ಕೇಳಿದ್ಳು. ರೈಟ್ರು ನನ್ನನ್ನು ತೋರಿಸಿದ್ರು! ನಾನು ಹೇಳಿದೆ, ಅಜ್ಜಿ, ನನ್ನ ಬಾಪ ಕೂಡ ಕೆಡ್ಡಸಕ್ಕೆ ತೋಟದಲ್ಲಿ ಹಾರೆ ಹಾಕ್ಸಿದವರಲ್ಲ, ಆಳು ಕೇಳುವ ಈ ಜನ ಪುತ್ತೂರಿನದ್ದು ಅಂತ."

ಬರಿಗೈಯಲ್ಲಿ ಹಿಂದೆ ಬಂದ ವೆಂಕಟ್ರಮಣ ಸೈಕಲ್ ನಿಲ್ಲಿಸಿ ನೇರ ಗುಡಿಸಲೊಳಗೆ ಹೋದರು. ಚಾಪೆಯ ಮೇಲಿಂದ ಒಂದು ಪಿಕಾಸು ಎತ್ತಿಕೊಂಡು ಬಂದು ದಿಬ್ಬದ ಎದುರು ನಿಂತರು. ಬುಟ್ಟಿ ಹೊತ್ತವರೆಲ್ಲ ಹೊತ್ತ ಹಾಗೆಯೇ ನಿಂತರು.

"ಹೊಡೀರಿ ರೈಟ್ರೆ" ಎಂದರು ಅಮ್ಮು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನು ಹಿಡಿದು ನಿಲ್ಲಿಸ್ಲಿಕ್ಕೆ ನಾವು ಯಾರು? ಸಾಯಂಕಾಲ ಮನೆಗೆ ಹೋಗಿ ನಿಮ್ಮ ಅಮ್ಮನ ಹತ್ತಿರ ನೀವೇ ಹೇಳಿ, ಅಷ್ಟೇ."

ವೆಂಕಟ್ರಮಣ ಪಿಕಾಸನ್ನು ಹೆಗಲ ತನಕ ಎತ್ತಿದರು. ಅಲ್ಲಿಯೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೆಳಗಿಳಿಸಿ, ಎಲ್ಲಿಂದ ತೆಗೆದರೋ ಅಲ್ಲಿಗೇ ಒಯ್ದು ಇಟ್ಟರು. "ಮೇಲಿನವರು ಕೇಳಿದ್ರೆ ನಾನೆಂತ ಹೇಳುದು?" ಎಂದು ಅವರು ಕೇಳಿದ್ದು ಬೈದ ಹಾಗೆ ಇರಲಿಲ್ಲ.

"ಇದ್ದದ್ದನ್ನು ಹೇಳಿ."

ಅವರು ಇದ್ದದ್ದನ್ನೇ ಹೇಳಿದರು ಎಂದು ಕಾಣುತ್ತದೆ. ಅದರ ಫಲವೂ ಸಿಕ್ಕಿತು. ಕಡೆಯ ದಿನ ಮಧ್ಯಾಹ್ನ ಬೇರೆ ಕಡೆ ಕೆಲಸದಲ್ಲಿದ್ದ ಒಂದು ತಂಡವನ್ನು ಲಾರಿಯಲ್ಲಿ ತಂದು ಇಳಿಸಿದರು. ದೂರದ ಊರಿನವರು, ಅವರಿಗೆ ಕೆಡ್ಡಸ ಗೊತ್ತಿಲ್ಲ. ತಿರುವಿನ ದಿಬ್ಬವನ್ನೂ ಅದರಾಚೆಯ ಮೋರಿಯ ಕೆಲಸವನ್ನೂ ಅವರಿಗೆ ಕೊಟ್ಟಾಯಿತು. ಪಿಕಾಸುಗಳ ಶಬ್ದ ಈ ಬದಿಗೆ ಕೇಳುತ್ತಿತ್ತು. ಪ್ರತಿ ಏಟಿಗೂ ಅಮ್ಮು ಅವರ ಮುಖ ಬಿಗಿಯುವುದನ್ನು ನಾನು ನೋಡಿದೆ. ಆದರೆ ಅವರು ಬುಟ್ಟಿ ಇಳಿಸಲಿಲ್ಲ.

"ಹೋಯ್ತಲ್ಲ ಅಮ್ಮಕ್ಕ. ಮೋರಿಯ ಕೆಲಸ ಹೋಯ್ತು. ಇನ್ನು ಕಡಬದ್ದೂ ಹೋಗ್ತದೆ" ಎಂದಳು ಲೋಲಾಕ್ಷಿ.

"ಹೋದದ್ದು ಹೋಯ್ತು. ರಾಶಿ ಇನ್ನೂ ಉಂಟು. ಹೊರು."

ಆ ಸಂಜೆಯ ಹೊತ್ತಿಗೆ ರಾಶಿ ಮುಗಿಯಿತು. ಮೂರು ದಿನದಲ್ಲಿ ತಗ್ಗಿಗೆ ಎಷ್ಟು ಮಣ್ಣು ಬೀಳಬೇಕೆಂದು ಹಸನಬ್ಬ ಗೂಟ ಹೊಡೆದಿದ್ದರೋ ಅಷ್ಟು ಬಿದ್ದಿತ್ತು. ಅಂಗೈಗಳೆಲ್ಲ ಸುಲಿದಿದ್ದವು.

ಮರುದಿನ ಬೆಳಿಗ್ಗೆ ನಾನು ಮೊದಲ ಬಸ್ಸಿನಲ್ಲಿ ಹೋದೆ. ಭೂಮಿಯನ್ನು ಮೀಯಿಸುವುದನ್ನು ನಾನು ನಮ್ಮ ಮನೆಯ ತುಳಸಿಯ ಮುಂದೆ ಚಿಕ್ಕಂದಿನಿಂದ ನೋಡಿದ್ದೇನೆ. ಇಲ್ಲಿ ತುಳಸಿ ಇಲ್ಲ. ಅಮ್ಮು ಬರೆಯ ಬುಡಕ್ಕೇ ಹೋದರು. ಕಡಿದಲ್ಲೇ, ಹಸಿ ಕೆಂಪು ಮೈಯ ಎದುರೇ, ಒಂದಿಷ್ಟು ಜಾಗ ಸೆಗಣಿಯಿಂದ ಸಾರಿಸಿದರು. ವೀಳ್ಯದೆಲೆ, ಅರಸಿನ, ಸೀಗೆಪುಡಿ ಇಟ್ಟರು. ಗರಿಕೆಯ ತುದಿಯಿಂದ ಎಣ್ಣೆಯನ್ನು ನೆಲಕ್ಕೆ ಬಿಟ್ಟರು. ಆಮೇಲೆ ಅದೇ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಬರೆಯ ಮೈಗೆ, ಹಳೆಯ ಪಿಕಾಸಿನ ಗೆರೆಗಳ ಮೇಲೆ, ಮೇಲಿನಿಂದ ಕೆಳಗೆ ಸವರಿದರು. ಬಾಣಂತಿಗೆ ಎಣ್ಣೆ ಹಚ್ಚುವ ಹಾಗೆ ಕಾಣುತ್ತಿತ್ತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಎಣ್ಣೆ ಹಚ್ಚಿದರು. ಲೋಲಾಕ್ಷಿ ಕೊನೆಗೆ ಬಂದಳು. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು, ಸುಲಿದ ಕೈಯಿಂದಲೇ ಹಚ್ಚಿದಳು.

ಪಿಕಾಸುಗಳು ಹೊರಗೆ ಬರುವ ಹೊತ್ತಿಗೆ ಹಸನಬ್ಬ ಬಂದರು. ಮುಖ ನೋಡಿದರೆ ಸುದ್ದಿ ಒಳ್ಳೆಯದೋ ಕೆಟ್ಟದೋ ತಿಳಿಯುತ್ತಿರಲಿಲ್ಲ.

"ಕಂಟ್ರಾಕ್ಟರು ನಿನ್ನೆ ಕತ್ತಲಾಗುವಾಗ ಬಂದು ತಗ್ಗು ನೋಡಿ ಹೋಗಿದ್ದಾರೆ. ಗೂಟದ ತನಕ ಮಣ್ಣು ಬಂದದ್ದು ಕಂಡು ಎಂತ ಹೇಳ್ಬೇಕು ಅಂತ ಅವರಿಗೆ ಗೊತ್ತಾಗ್ಲಿಲ್ಲ. ಮೋರಿ ಆ ತಂಡಕ್ಕೇ. ಅದು ಹಿಂದೆ ಬರುದಿಲ್ಲ. ಕಡಬದ ಕಡೆಯದ್ದನ್ನು ನಿಮಗೆ ಕೊಡ್ತಾರಂತೆ. ಮಳೆಗಾಲದ ತನಕ ಕೆಲಸ, ಮಳೆ ಬಿಟ್ಟ ಮೇಲೆಯೂ ಕೆಲಸ."

ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು. ಹಸನಬ್ಬ ಕೈ ಎತ್ತಿದರು.

"ನಿಲ್ಲಿ, ನಿಲ್ಲಿ. ಒಂದು ಮಾತು ಉಂಟು. ಮುಂದಿನ ವರ್ಷ ಕೆಡ್ಡಸ ಗಿಡ್ಡಸ ಅಂತ ಪಿಕಾಸು ಇಡ್ಲಿಕ್ಕೆ ಇಲ್ಲ. ಈಗಲೇ ಒಪ್ಪಬೇಕು. ಒಪ್ಪಿದ್ರೆ ಇವತ್ತೇ ಹೋಗಿ ಹೇಳ್ತೇನೆ."

ಯಾರೂ ಅಮ್ಮು ಅವರ ಕಡೆ ನೋಡಲಿಲ್ಲ, ಎಲ್ಲರೂ ಲೋಲಾಕ್ಷಿಯ ಕಡೆ ನೋಡಿದರು. ಅಮ್ಮು ಕೂಡ ಅವಳನ್ನೇ ನೋಡಿದರು. "ನೀನು ಹೇಳು. ಆರು ತಿಂಗಳು ನಿನ್ನದು" ಎಂದರು. ಈ ಪ್ರಶ್ನೆಯನ್ನು ಅವರು ಅವಳಿಗೆ ಬಿಟ್ಟುಕೊಟ್ಟದ್ದು ನನಗೆ ಭಯವನ್ನೇ ಉಂಟುಮಾಡಿತು ಎಂದರೆ ತಪ್ಪಲ್ಲ.

ಲೋಲಾಕ್ಷಿ ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಮೇಸ್ತ್ರಿಗಳೆ, ಹೋಗಿ ಹೇಳಿ. ಮೂರು ದಿನದ ಮಣ್ಣು ನಾವು ಮೊದಲೇ ಇಳಿಸಿ ಇಡ್ತೇವೆ. ಈ ಸಲ ಇಟ್ಟದ್ದು ಅವರೇ ನೋಡಿದ್ದಾರೆ. ಪಿಕಾಸು ಮಾತ್ರ ಮುಟ್ಟುದಿಲ್ಲ. ಇದಕ್ಕೆ ಆಗ್ತದೆ ಅಂದ್ರೆ ಬರ್ತೇವೆ."

"ಆಗುದಿಲ್ಲ ಅಂದ್ರೆ?"

"ಆಗುದಿಲ್ಲ ಅಂದ್ರೆ ಅವರು ಹೇಳ್ಲಿ. ನಾವು ಹೇಳುದು ಆಯ್ತು."

ಹಸನಬ್ಬ ಅಮ್ಮು ಅವರ ಕಡೆ ತಿರುಗಿದರು. ಅಮ್ಮು ಆಗಲೇ ತಿರುಗಿ ನಿಂತು ಪಿಕಾಸಿನ ಹಿಡಿ ಬಿಗಿಯಾಗಿದೆಯೋ ಎಂದು ನೋಡುತ್ತಿದ್ದರು. "ನನ್ನ ಹತ್ತಿರ ಎಂತ ಕೇಳುದು? ಅವಳು ಹೇಳಿದಳಲ್ಲ" ಎಂದರು.

ಈ ಲೇಖನವನ್ನು ಬರೆದು ಮುಗಿಸುವ ಮೊದಲು, ವಿಷಯ ಏನಾಯಿತೆಂದು ತಿಳಿಯದೆ ಕಳುಹಿಸಬಾರದೆಂದು ಕಾದೆ. ಕಂಟ್ರಾಕ್ಟರರು ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಆಗಲಿ ಎಂದರು. ತಂಡವೀಗ ಕಡಬದ ಹಾದಿಯಲ್ಲಿ ಹೊಸ ಗುಡ್ಡೆಯ ಬುಡದಲ್ಲಿ ಗುಡಿಸಲು ಹಾಕಿದೆ. ನಾನು ಹೋದ ಬೆಳಿಗ್ಗೆ ಪಿಕಾಸು ಎತ್ತುವ ಮೊದಲು ಅಮ್ಮು ಬಗ್ಗಿ ನೆಲ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ಪತ್ರಿಕೆಯಲ್ಲಿ ಬರೆಯುತ್ತೇನೆ, ನಿಮಗೆ ಏನಾದರೂ ಹೇಳಬೇಕೆಂದಿದೆಯೇ ಎಂದು ಕೇಳಿದೆ. ಅವರು ಪಿಕಾಸನ್ನು ಬರೆಗೆ ಒರಗಿಸಿದರು. 

"ನನ್ನ ಹೆಸರು ಹಾಕದಿದ್ರೂ ಅಡ್ಡಿ ಇಲ್ಲ" ಎಂದರು. "ಒಂದು ಸೆಂಟ್ಸು ಜಾಗ ಇಲ್ಲದವರು ಕೂಡ ಈ ವರ್ಷ ಕೆಡ್ಡಸ ಮಾಡಿದ್ರು ಅಂತ ಬರೀರಿ. ಅಷ್ಟು ಸಾಕು."